ಅಪಾಯವನ್ನು ಹೆಸರಿಸುವವರು ಯಾರು? ಮಲೆನಾಡಿನಿಂದ ಕಾಣುವ ಜಗತ್ತಿನ ಭದ್ರತೆ

ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಅಮೆರಿಕ ಸರ್ಕಾರದ ಪಟ್ಟಿಯೊಂದರಲ್ಲಿದೆ. ದುರುದ್ದೇಶದವರ ಕೈಗೆ ಸಿಕ್ಕರೆ ಜನರ ಜೀವಕ್ಕೆ ತೀವ್ರ ಅಪಾಯ ತರಬಲ್ಲ ರೋಗಾಣುಗಳು ಮತ್ತು ವಿಷವಸ್ತುಗಳ ಪಟ್ಟಿ ಅದು. ಅದರಲ್ಲಿರುವ ಯಾವುದನ್ನು ಇಟ್ಟುಕೊಳ್ಳಬೇಕಾದರೂ ಅಲ್ಲಿನ ಪ್ರಯೋಗಾಲಯ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಅದನ್ನು ಮುಟ್ಟುವವರ ಹಿನ್ನೆಲೆಯನ್ನು ಎಫ್‌ಬಿಐ ಪರಿಶೀಲಿಸುತ್ತದೆ. ಎಬೋಲಾ, ಆಂಥ್ರಾಕ್ಸ್‌ಗಳಿರುವ ಆ ಪಟ್ಟಿಯಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ ವೈರಾಣುವೂ ಇದೆ. 1957ರಲ್ಲಿ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದ ರೋಗ ಇದು. ಮಲೆನಾಡಿನಲ್ಲಿ ಎಲ್ಲರೂ ಕರೆಯುವುದು ಮಂಗನ ಕಾಯಿಲೆ ಎಂದೇ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡಂಚಿನ ಮನೆಗಳಿಗೆ ಈ ವೈರಾಣು ಬರುವ ದಾರಿಯಲ್ಲಿ ಯಾವ ದುರುದ್ದೇಶವೂ ಇಲ್ಲ. ಮಳೆಗಾಲ ಕಳೆದು ಕಾಡು ಒಣಗತೊಡಗಿದ ಮೇಲೆ ದರಕು (ಒಣಗಿದ ಎಲೆ) ಗುಡಿಸಲು, ಸೌದೆ ತರಲು, ದನ ಹೊಡೆದುಕೊಂಡು ಹೋದವರ ಮೈಗೆ ಉಣುಗು ಹತ್ತುತ್ತದೆ. ಸೋಂಕಿದ ಉಣುಗು ಕಚ್ಚಿದರೆ ಕೆಲವೇ ದಿನಗಳಲ್ಲಿ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ ಶುರುವಾಗುತ್ತದೆ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ವೈದ್ಯಕೀಯ ಅಂದಾಜು. ಇದಕ್ಕೆಂದೇ ಇರುವ ಔಷಧ ಇಲ್ಲ. 1990ರಿಂದ ಈಚೆಗೆ ಕೊಡುತ್ತ ಬಂದಿದ್ದ ಲಸಿಕೆ ಸಾಕಷ್ಟು ಫಲ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. 2018ರ ಕೊನೆಯಿಂದ ಮರುವರ್ಷದ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವು ಮನೆಗಳಲ್ಲಿ ಸಾವು ಕಂಡಾಗ ಜನರಿಗಿದ್ದ ಆಸರೆಯೆಂದರೆ ಅರೆಬರೆ ರಕ್ಷಣೆ ಕೊಡುವ ಆ ಲಸಿಕೆ ಮತ್ತು ಉಣುಗು ಹತ್ತದಂತೆ ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಸವರಿಕೊಳ್ಳುವ ಡಿಎಂಪಿ ಎಣ್ಣೆ ಮಾತ್ರ.

ಒಂದೇ ವೈರಾಣು ದೂರದ ರಾಜಧಾನಿಯಲ್ಲಿ ದೇಶದ ಭದ್ರತೆಯ ವಿಷಯವಾಗುತ್ತದೆ. ಅದು ಮೊದಲು ಕಂಡುಬಂದ ನೆಲದಲ್ಲಿ ಆರೋಗ್ಯ ಇಲಾಖೆಯ ಬೇಸಿಗೆಯ ಕೆಲಸವಾಗಿ ಉಳಿಯುತ್ತದೆ. ಜಾಗತಿಕ ರಾಜಕಾರಣದಲ್ಲಿ ಭದ್ರತೆಯ ಅರ್ಥವನ್ನು ಮರಳಿ ಯೋಚಿಸಬೇಕು ಎಂಬ ಚರ್ಚೆ ನಲವತ್ತು ವರ್ಷಗಳಿಂದ ನಡೆದಿದೆ. ಆದರೆ ಅದು ಹೆಚ್ಚಾಗಿ ಸಾಗಿರುವುದು, ಸೇನೆ ಮತ್ತು ಗಡಿಗಳ ಜೊತೆಗೆ ಇನ್ನೇನನ್ನು ಸೇರಿಸಬೇಕು ಎಂಬ ದಿಕ್ಕಿನಲ್ಲಿ. ಹಸಿವನ್ನು ಸೇರಿಸೋಣವೆ, ರೋಗವನ್ನು ಸೇರಿಸೋಣವೆ, ಹವಾಮಾನವನ್ನೂ ಸೇರಿಸೋಣವೆ? ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು ನನಗನ್ನಿಸುತ್ತದೆ: ಯಾವುದು ಅಪಾಯ ಎಂದು ಹೆಸರಿಸುವ ಅಧಿಕಾರ ಯಾರಿಗಿದೆ, ಹಾಗೆ ಹೆಸರಿಸಿದ ಮೇಲೆ ಕೈಗೊಳ್ಳುವ ಕ್ರಮಕ್ಕೆ ಬೆಲೆ ತೆರುವವರು ಯಾರು? ಅದಕ್ಕೆ ಉತ್ತರ ಕಂಡುಕೊಳ್ಳದೆ ಪಟ್ಟಿಯನ್ನಷ್ಟೇ ಉದ್ದ ಮಾಡುತ್ತ ಹೋದರೆ ದುರ್ಬಲರಿಗೆ ಲಾಭಕ್ಕಿಂತ ನಷ್ಟವೇ ಆಗುವ ಸಂದರ್ಭಗಳುಂಟು. ಮಲೆನಾಡು ಅಂಥ ಹಲವು ಸಂದರ್ಭಗಳನ್ನು ಕಂಡಿದೆ.

ಹಳೆಯ ಅರ್ಥ ಎಲ್ಲರಿಗೂ ಗೊತ್ತಿರುವುದೇ. ಭದ್ರವಾಗಿರಬೇಕಾದದ್ದು ರಾಜ್ಯ (ಅಂದರೆ ಸ್ವತಂತ್ರ ದೇಶ), ಅಪಾಯ ಬರುವುದು ಇನ್ನೊಂದು ರಾಜ್ಯದಿಂದ, ಅದನ್ನು ತಡೆಯುವುದು ಸೇನೆ. ಯುರೋಪಿನಲ್ಲಿ 1648ರ ವೆಸ್ಟ್‌ಫಾಲಿಯಾ ಒಪ್ಪಂದಗಳ ನಂತರ ನೆಲೆಗೊಂಡದ್ದೆಂದು ಪಠ್ಯಪುಸ್ತಕಗಳು ಹೇಳುವ ಈ ಚೌಕಟ್ಟಿಗೆ ಎರಡನೇ ಮಹಾಯುದ್ಧದ ನಂತರ ಆಡಳಿತದ ಗಟ್ಟಿ ರೂಪ ಬಂದಿತು. 1947ರಲ್ಲಿ ಅಮೆರಿಕ ರಾಷ್ಟ್ರೀಯ ಭದ್ರತಾ ಕಾಯ್ದೆ ತಂದು ರಾಷ್ಟ್ರೀಯ ಭದ್ರತಾ ಮಂಡಳಿಯನ್ನೂ ಗುಪ್ತಚರ ಸಂಸ್ಥೆ ಸಿಐಎಯನ್ನೂ ಹುಟ್ಟುಹಾಕಿತು. ಬಳಿಕ ಅನೇಕ ದೇಶಗಳು ಅದೇ ಬಗೆಯ ವ್ಯವಸ್ಥೆ ಮಾಡಿಕೊಂಡವು. ಈ ಚೌಕಟ್ಟಿನೊಳಗೇ ಇರುವ ತೊಡಕನ್ನು ರಾಜಕೀಯ ಶಾಸ್ತ್ರಜ್ಞ ಜಾನ್ ಹರ್ಜ್ 1950ರಲ್ಲೇ ವಿವರಿಸಿದರು. ಒಂದು ದೇಶ ತನ್ನ ರಕ್ಷಣೆಗೆಂದು ಕೊಂಡ ಆಯುಧ ನೆರೆಯ ದೇಶದ ಕಣ್ಣಿಗೆ ದಾಳಿಯ ಸಿದ್ಧತೆಯಾಗಿ ಕಾಣುತ್ತದೆ. ನೆರೆಯ ದೇಶವೂ ಆಯುಧ ಕೊಳ್ಳುತ್ತದೆ. ಕೊನೆಗೆ ಇಬ್ಬರೂ ಮೊದಲಿಗಿಂತ ಹೆಚ್ಚು ಖರ್ಚು ಮಾಡಿ ಮೊದಲಿಗಿಂತ ಹೆಚ್ಚು ಹೆದರಿಕೆಯಲ್ಲಿ ಬದುಕುತ್ತಾರೆ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಸೇನಾ ವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿತು. 2025ರ ಹೇಗ್ ಶೃಂಗಸಭೆಯಲ್ಲಿ ಅಮೆರಿಕ ಮತ್ತು ಯುರೋಪಿನ ಸೇನಾ ಒಕ್ಕೂಟವಾದ ನೇಟೊದ ದೇಶಗಳು 2035ರ ಹೊತ್ತಿಗೆ ತಮ್ಮ ರಾಷ್ಟ್ರೀಯ ಉತ್ಪನ್ನದ ಶೇ 5ರಷ್ಟನ್ನು ರಕ್ಷಣೆ ಮತ್ತು ಅದಕ್ಕೆ ಸಂಬಂಧಿಸಿದ ಬಾಬ್ತುಗಳಿಗೆ ಮೀಸಲಿಡಲು ಒಪ್ಪಿದವು.

ಈ ಹಳೆಯ ಅರ್ಥವನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. 2022ರ ಫೆಬ್ರುವರಿಯಲ್ಲಿ ರಷ್ಯಾದ ಟ್ಯಾಂಕುಗಳು ಗಡಿ ದಾಟಿದಾಗ ಉಕ್ರೇನಿನವರಿಗೆ ಬೇಕಾದದ್ದು ಸೇನೆಯೇ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದ ಸುದ್ದಿ ಶಿವಮೊಗ್ಗಕ್ಕೂ ಸಾವಿನ ಸುದ್ದಿಯಾಗಿಯೇ ಬಂದಿತು. ಭಯೋತ್ಪಾದನೆ ಎಲ್ಲೋ ಗಡಿಯಾಚೆಯ ಮಾತು ಎಂದುಕೊಳ್ಳುವಂತಿಲ್ಲ ಎಂಬುದು ಈ ಊರಿಗೆ ತಿಳಿದಿದೆ. ರಾಜ್ಯವೇ ಕುಸಿದ ಕಡೆ ಆಸ್ಪತ್ರೆಯೂ ಉಳಿಯುವುದಿಲ್ಲ, ಶಾಲೆಯೂ ನಡೆಯುವುದಿಲ್ಲ. ಆದರೂ 2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಲೋಕದಲ್ಲಿ ಸುಮಾರು 1.49 ಕೋಟಿ ಹೆಚ್ಚುವರಿ ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದಾಗ, ಅವುಗಳಲ್ಲಿ ಒಂದನ್ನೂ ಯಾವ ಕ್ಷಿಪಣಿಯೂ ತಡೆಯುವಂತಿರಲಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಅಷ್ಟೇ ಅಲ್ಲ, ದೂರದ ಯುದ್ಧವೂ ಗುಂಡಿನ ರೂಪದಲ್ಲೇ ಬರಬೇಕೆಂದಿಲ್ಲ. ಭಾರತ ತನಗೆ ಬೇಕಾದ ಪೊಟ್ಯಾಷ್ ಗೊಬ್ಬರವನ್ನೆಲ್ಲ ಹೊರಗಿನಿಂದ ತರಿಸುತ್ತದೆ. ಜಗತ್ತಿಗೆ ಅದನ್ನು ಪೂರೈಸುವ ಮುಖ್ಯ ದೇಶಗಳಲ್ಲಿ ರಷ್ಯಾ ಮತ್ತು ಬೆಲಾರುಸ್ ಸೇರಿವೆ. ಬಿಡದೆ ಸುರಿಯುವ ಮಳೆಗೆ ಪೊಟ್ಯಾಷ್ ಕೊಚ್ಚಿಹೋಗುವ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಬೆಳೆಯುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಬೇಕೆಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಬೆಲಾರುಸ್ ಮೇಲೆ ನಿರ್ಬಂಧ ಬಿದ್ದು, ಕಪ್ಪುಸಮುದ್ರದ ಸುತ್ತ ಯುದ್ಧ ಹೊತ್ತಿಕೊಂಡ ವರ್ಷದಲ್ಲಿ ಸೊಸೈಟಿಯ ಮುಂದೆ ಗೊಬ್ಬರಕ್ಕಾಗಿ ನಿಂತ ರೈತನಿಗೆ ಆ ಯುದ್ಧ ತಲುಪಿದ್ದು ಚೀಲದ ಬೆಲೆಯ ರೂಪದಲ್ಲಿ.

ಅಡಿಕೆಯ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗವಾಗಿ ತರಿಸುವಂತಿಲ್ಲ ಎಂಬ ಮಿತಿಯ) ಷರತ್ತಿಲ್ಲದೆ ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟಿತು. ದೇಶದ ಒಟ್ಟು ಬೆಳೆಯ ಮುಂದೆ ಅದು ಸಣ್ಣ ಪ್ರಮಾಣ. ಅಡಿಕೆ ಮಂಡಿಯಲ್ಲಿ ಆದರೂ ಆತಂಕ ಎದ್ದಿತು, ಏಕೆಂದರೆ ರಾಶಿ ಅಡಿಕೆಯ ದರ ನಿಲ್ಲುವುದೂ ಕುಸಿಯುವುದೂ ಎಷ್ಟೋ ಸಲ ಬಂದ ಮಾಲಿನಿಂದಲ್ಲ, ಬರಬಹುದಾದ ಮಾಲಿನ ಸುದ್ದಿಯಿಂದ. 2023ರ ಫೆಬ್ರುವರಿಯಲ್ಲಿ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಭಾರತ ಮತ್ತು ಚೀನಾದ ಸೇನೆಗಳು ಎದುರುಬದುರಾದ 2017ರ ಡೋಕ್ಲಾಂ ಬಿಕ್ಕಟ್ಟಿನ ಬಳಿಕ ಭೂತಾನಿನ ಸ್ನೇಹ ಭಾರತದ ಗಡಿ ರಕ್ಷಣೆಗೆ ಎಷ್ಟು ಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಮದಿನ ಒಪ್ಪಿಗೆಗೆ ಅದೇ ಕಾರಣವೆಂದು ನಾನು ಹೇಳುತ್ತಿಲ್ಲ. ನೆರೆಯ ಸಣ್ಣ ದೇಶದೊಡನೆ ನಂಟು ಕಾಪಾಡಿಕೊಳ್ಳುವ ನೀತಿಗೂ ತೀರ್ಥಹಳ್ಳಿಯ ಎರಡೆಕರೆ ತೋಟಕ್ಕೂ ನಡುವೆ ಅಂತರ ಎಷ್ಟು ಕಡಿಮೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಇಂಥ ಹೆಣೆದುಕೊಂಡ ಬದುಕನ್ನು ಗಮನಿಸಿದ ಮೇಲೆಯೇ ಭದ್ರತೆಯ ಹೊಸ ವಿವರಣೆಗಳು ಬಂದವು. ಸ್ವೀಡನ್ನಿನ ರಾಜಕೀಯ ನಾಯಕ ಉಲೋಫ್ ಪಾಲ್ಮೆ ನೇತೃತ್ವದ ಆಯೋಗ 1982ರಲ್ಲಿ, ಅಣ್ವಸ್ತ್ರಗಳ ಕಾಲದಲ್ಲಿ ಎದುರಾಳಿಯನ್ನು ಅಭದ್ರಗೊಳಿಸಿ ತಾನೊಬ್ಬನೇ ಭದ್ರವಾಗಿರುವುದು ಯಾವ ದೇಶಕ್ಕೂ ಸಾಧ್ಯವಿಲ್ಲ ಎಂದು ವಾದಿಸಿತು. ಶೀತಲ ಸಮರ ಮುಗಿದ ಮೇಲೆ, 1994ರಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ವರದಿ ‘ಮಾನವ ಭದ್ರತೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿತು. ಅದರ ಹಿಂದಿದ್ದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ತಮ್ಮ ದೇಶದ ಹಣಕಾಸು ಸಚಿವರಾಗಿದ್ದು, ಬಡ ದೇಶವೊಂದರ ಬೊಕ್ಕಸದಿಂದ ಸೇನೆಗೆ ಎಷ್ಟು ಹೋಗುತ್ತದೆ, ಶಾಲೆಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಒಳಗಿನಿಂದ ಕಂಡವರು ಅವರು. ದುಡಿಮೆ, ಆಹಾರ, ಆರೋಗ್ಯ, ಪರಿಸರ, ಒಬ್ಬೊಬ್ಬರ ಮೈ ಜೀವ, ಸಮುದಾಯ, ರಾಜಕೀಯ ಹಕ್ಕು ಎಂಬ ಏಳು ನೆಲೆಗಳಲ್ಲಿ ಮನುಷ್ಯನ ಭದ್ರತೆಯನ್ನು ಆ ವರದಿ ಗುರುತಿಸಿತು. ಅದೇ ಚಿಂತನೆಯ ಅಲೆಯಲ್ಲಿ 1997ರ ಒಟ್ಟಾವಾ ಒಪ್ಪಂದ ನೆಲಬಾಂಬುಗಳನ್ನು ನಿಷೇಧಿಸಿತು. ಜಪಾನಿನ ಸಡಾಕೊ ಒಗಾಟಾ ಮತ್ತು ಅಮರ್ತ್ಯ ಸೇನ್ ನೇತೃತ್ವದ ಆಯೋಗ 2003ರಲ್ಲಿ ಇದೇ ವಿಷಯದ ಮೇಲೆ ವರದಿ ಕೊಟ್ಟಿತು. 2012ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಾನವ ಭದ್ರತೆಯ ಬಗ್ಗೆ ನಿರ್ಣಯ ಅಂಗೀಕರಿಸಿತು.

ಆದರೆ ಈ ತಿಳಿವಳಿಕೆ ವಿಶ್ವಸಂಸ್ಥೆಯ ನೆಲೆಯಾದ ನ್ಯೂಯಾರ್ಕಿನಿಂದ ಇಳಿದು ಬಂದದ್ದೆಂದು ಭಾವಿಸಬೇಕಾಗಿಲ್ಲ. 1951ರಲ್ಲಿ ಸಾಗರದ ಪಕ್ಕದ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆ ಭದ್ರತೆಯದೇ ಆಗಿತ್ತು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಹೊತ್ತಿಕೊಂಡ ಆ ಹೋರಾಟದ ತಳದಲ್ಲಿದ್ದದ್ದು ಒಡೆಯ ಮನಸ್ಸು ಬಂದಾಗ ಒಕ್ಕಲೆಬ್ಬಿಸಬಹುದು ಎಂಬ ಭಯ. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಅದಕ್ಕೆ ನಾಯಕತ್ವ ಕೊಟ್ಟರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಜಗತ್ತು ಎರಡು ಬಣಗಳಾಗಿ ಒಡೆದು, ನೇಟೊ ಹುಟ್ಟಿ ಎರಡು ವರ್ಷವಾಗಿ, ಕೊರಿಯಾದಲ್ಲಿ ಯುದ್ಧ ನಡೆಯುತ್ತಿದ್ದ ವರ್ಷ ಅದು. ದೊಡ್ಡ ದೇಶಗಳ ಭಾಷೆಯಲ್ಲಿ ಭದ್ರತೆಯೆಂದರೆ ಬಾಂಬು ಮತ್ತು ಒಕ್ಕೂಟವಾಗಿದ್ದಾಗ, ಇಲ್ಲಿನ ಬೇಸಾಯಗಾರನಿಗೆ ಅದು ನಾಳೆಯೂ ಇದೇ ಗದ್ದೆಯಲ್ಲಿ ಹೂಡುತ್ತೇನೆಂಬ ಖಾತರಿಯಾಗಿತ್ತು. ಆ ಖಾತರಿಗೆ ಕಾನೂನಿನ ಬಲ ಬಂದದ್ದು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯ ತಿದ್ದುಪಡಿಯಿಂದ. ಕಾಗೋಡಿನವರು ತಮ್ಮ ಅಪಾಯವನ್ನು ತಾವೇ ಹೆಸರಿಸಿದರು. ಪೊಲೀಸರು ಬಂದು, ಜೈಲು ತುಂಬಿದರೂ ಆ ಪ್ರಶ್ನೆ ಸಭೆ, ಸತ್ಯಾಗ್ರಹ, ಚುನಾವಣೆ, ವಿಧಾನಸಭೆಗಳ ದಾರಿಯಲ್ಲೇ ಸಾಗಿತು. ಈ ಅಂಶ ಮುಂದಿನ ಮಾತಿಗೆ ಬಹಳ ಮುಖ್ಯ.

ಭದ್ರತೆಯ ವ್ಯಾಪ್ತಿಯನ್ನು ಹಿಗ್ಗಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಗೆ ಗಟ್ಟಿಯಾದ ಎಚ್ಚರಿಕೆ ಬಂದದ್ದು ಕೋಪನ್‌ಹೇಗನ್ನಿನ ವಿದ್ವಾಂಸರಿಂದ. ಓಲೆ ವೇವರ್, ಬ್ಯಾರಿ ಬುಜಾನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಂಡಿಸಿದ ವಾದದ ತಿರುಳು ಇಷ್ಟು: ಒಂದು ವಿಷಯ ತಾನಾಗಿಯೇ ಭದ್ರತೆಯ ವಿಷಯವಾಗುವುದಿಲ್ಲ, ಅಧಿಕಾರದಲ್ಲಿರುವವರು ಹಾಗೆಂದು ಘೋಷಿಸಿ ಜನರನ್ನು ಒಪ್ಪಿಸಿದಾಗ ಆಗುತ್ತದೆ. ಒಮ್ಮೆ ಹಾಗೆ ಒಪ್ಪಿತವಾದರೆ, ‘ಇದು ಉಳಿವಿನ ಪ್ರಶ್ನೆ, ಚರ್ಚೆಗೆ ಸಮಯವಿಲ್ಲ’ ಎಂಬ ನೆಲೆಯಿಂದ ಮಾಮೂಲಿನ ನಿಯಮಗಳನ್ನು ಬದಿಗಿಡಬಹುದು. ದಾಖಲೆ ಕೇಳುವಂತಿಲ್ಲ, ಪ್ರಶ್ನೆ ಎತ್ತುವಂತಿಲ್ಲ, ಎತ್ತಿದವರ ಮೇಲೆಯೇ ಅನುಮಾನ. ಆದ್ದರಿಂದ ಸಾಧ್ಯವಾದಷ್ಟು ವಿಷಯಗಳನ್ನು ಈ ತುರ್ತಿನ ಆವರಣದಿಂದ ಹೊರಗೆ ತಂದು ಸಾಮಾನ್ಯ ರಾಜಕಾರಣದ ಅಂಗಳದಲ್ಲಿ ಬಗೆಹರಿಸಬೇಕು ಎಂಬುದು ವೇವರ್ ಅವರ ನಿಲುವು.

ನಮ್ಮಲ್ಲಿ ಇದಕ್ಕೆ ನೇರ ಉದಾಹರಣೆ 2023ರಲ್ಲಿ ತಿದ್ದುಪಡಿಯಾದ ಅರಣ್ಯ ಸಂರಕ್ಷಣಾ ಕಾಯ್ದೆ. ಅಂತರರಾಷ್ಟ್ರೀಯ ಗಡಿಯಿಂದ 100 ಕಿಲೋಮೀಟರ್ ಒಳಗೆ ರಾಷ್ಟ್ರೀಯ ಮಹತ್ವದ ಮತ್ತು ಭದ್ರತೆಗೆ ಸಂಬಂಧಿಸಿದ ರಸ್ತೆ, ರೈಲುಮಾರ್ಗದಂಥ ಯೋಜನೆಗಳಿಗೂ, ಭದ್ರತೆಗೆ ಬೇಕಾದ ಕಟ್ಟಡ ಮತ್ತು ಸೌಕರ್ಯಗಳಿಗಾಗಿ 10 ಹೆಕ್ಟೇರ್‌ವರೆಗಿನ ಕಾಡಿಗೂ ಅದು ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಗಡಿಯಲ್ಲಿ ರಸ್ತೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ನನ್ನ ಆಕ್ಷೇಪ ಇರುವುದು, ಪರಿಶೀಲನೆಯನ್ನು ಚುರುಕುಗೊಳಿಸುವ ಬದಲು ಪರಿಶೀಲನೆಯನ್ನೇ ತೆಗೆದುಹಾಕಿದ ಬಗೆಗೆ.

ಮಂಗನ ಕಾಯಿಲೆಯ ಹಳೆಯ ಇತಿಹಾಸ ಇಲ್ಲಿ ಇನ್ನೊಂದು ಮುಖ ತೋರಿಸುತ್ತದೆ. ಈ ವೈರಾಣು ರಷ್ಯಾದಲ್ಲಿ ಮೊದಲೇ ಗುರುತಿಸಿದ್ದ ಉಣುಗಿನಿಂದ ಹರಡುವ ಮಿದುಳಿನ ಉರಿಯೂತದ ವೈರಾಣುವಿನ ಹತ್ತಿರದ ಬಂಧು ಎಂದು ತಿಳಿದಾಗ, ಉತ್ತರದಿಂದ ಚಳಿಗಾಲಕ್ಕೆ ಹಾರಿಬರುವ ಹಕ್ಕಿಗಳು ಸೋಂಕಿನ ಉಣುಗನ್ನು ತಂದಿರಬಹುದೆ ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅಧ್ಯಯನ ಮಾಡುತ್ತಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಬಂದಿತು, ಅದಾದ ಮೇಲೆ ಅಮೆರಿಕ ಸೇನೆಯ ಹಣವೂ ಬಂದಿತು. 1970ರ ದಶಕದ ಮಧ್ಯದಲ್ಲಿ, ವಿದೇಶಿ ಸೇನೆಯ ಹಣದಲ್ಲಿ ನಡೆಯುವ ಇಂಥ ಸಂಶೋಧನೆಗಳ ಫಲ ಜೈವಿಕ ಯುದ್ಧಕ್ಕೆ ಬಳಕೆಯಾಗಬಹುದೆ ಎಂದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಗಂಭೀರವಾಗಿ ಪ್ರಶ್ನಿಸಿತು. ಪ್ರಶ್ನಿಸಿದ್ದು ತಪ್ಪಲ್ಲ, ಸಂಸತ್ತು ಮಾಡಬೇಕಾದ ಕೆಲಸವೇ ಅದು. ಆದರೆ ಎರಡು ದೇಶಗಳ ಶಂಕೆ, ಪ್ರತಿಶಂಕೆಗಳ ನಡುವೆ ಸೊರಬ, ಸಾಗರದ ಕೂಲಿಯ ಹೆಣ್ಣುಮಗಳು ಯಾರ ಕಡತದಲ್ಲಿಯೂ ಭದ್ರತೆಯ ಪ್ರಶ್ನೆಯಾಗಲಿಲ್ಲ. ಕಾಯಿಲೆ ಕಂಡು ಐದು ದಶಕ ಕಳೆದ ಮೇಲೆ ಅದು ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳ ಘಟ್ಟದ ಕಾಡುಗಳಲ್ಲಿಯೂ ಕಾಣಿಸಿಕೊಂಡಿದೆ. ಒಳ್ಳೆಯ ಲಸಿಕೆಗಾಗಿ ಕಾಯುವುದು ಇನ್ನೂ ಮುಗಿದಿಲ್ಲ.

ಕುದುರೆಮುಖದ ಸುತ್ತ ನಡೆದದ್ದು ಇನ್ನೂ ಕಹಿಯಾದ ಸಂಗತಿ. 1987ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಅದರೊಳಗೆ ಕಬ್ಬಿಣದ ಅದಿರಿನ ಗಣಿ 2005ರ ಕೊನೆಯವರೆಗೆ ನಡೆಯಿತು. ಅದು ನಿಲ್ಲಲು ಸುಪ್ರೀಂ ಕೋರ್ಟ್ ಬೇಕಾಯಿತು. ಅದೇ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಮಲೆಕುಡಿಯರೂ ಸಣ್ಣ ಹಿಡುವಳಿದಾರರೂ ಮಾತ್ರ ಎತ್ತಂಗಡಿಯ ಭಯದಲ್ಲಿ ಬದುಕಬೇಕಾಯಿತು. ಆ ಅಸಮಾಧಾನದ ನೆಲದಲ್ಲಿ ನಕ್ಸಲರು ಕಾಲೂರಿದರು. 2003ರಿಂದ ಗುಂಡಿನ ಸದ್ದು ಕೇಳತೊಡಗಿತು, ನಕ್ಸಲ್ ನಿಗ್ರಹ ಪಡೆ ಬಂದಿತು, ಎರಡೂ ಕಡೆ ಜೀವಗಳು ಹೋದವು. ಬಂದೂಕು ಹಿಡಿದವರ ದಾರಿಯನ್ನು ನಾನು ಸಮರ್ಥಿಸುವುದಿಲ್ಲ. ಹಳ್ಳಿಗರನ್ನು ಪೊಲೀಸರಿಗೂ ನಕ್ಸಲರಿಗೂ ನಡುವೆ ಸಿಕ್ಕಿಸಿದ ದಾರಿ ಅದು. ಆದರೆ ಭೂಮಿಯ ಹಕ್ಕು, ರಸ್ತೆ, ಪುನರ್ವಸತಿಯಂಥ ಕಂದಾಯ ಇಲಾಖೆ ಮತ್ತು ಅರಣ್ಯ ಇಲಾಖೆ ಬಗೆಹರಿಸಬೇಕಾಗಿದ್ದ ಪ್ರಶ್ನೆಗಳು ನಕ್ಸಲರನ್ನು ಹುಡುಕುವ ಕೂಂಬಿಂಗ್‌ನ ನೆರಳಿಗೆ ಸರಿದದ್ದು ಮಲೆನಾಡಿಗೆ ಆದ ದೊಡ್ಡ ನಷ್ಟ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಯ ಮುಂದೆ ಶರಣಾದಾಗ ಅವರ ಬೇಡಿಕೆಗಳಲ್ಲಿ ಇದ್ದದ್ದೂ ಕಾಡಿನ ಜನರ ಭೂಮಿ ಮತ್ತು ಹಕ್ಕುಗಳ ವಿಷಯವೇ. ಎರಡು ದಶಕಗಳ ನಂತರ ವಿಷಯ ತಾನು ಮೊದಲಿದ್ದ ಮೇಜಿಗೇ ಮರಳಿ ಬಂದಿತು.

ಮಾನವ ಭದ್ರತೆಯ ಮಾತು ಬಡ ದೇಶಗಳಲ್ಲಿ ಅನುಮಾನ ಹುಟ್ಟಿಸಲು ಒಂದು ಕಾರಣ ಲಿಬಿಯಾ. ಜನರನ್ನು ಅವರ ಸರ್ಕಾರವೇ ಕೊಲ್ಲುತ್ತಿದ್ದರೆ ಜಗತ್ತು ಸುಮ್ಮನಿರಬಾರದು ಎಂಬ ತತ್ವವನ್ನು 2005ರಲ್ಲಿ ಎಲ್ಲ ದೇಶಗಳೂ ಒಪ್ಪಿದ್ದವು. 2011ರ ಮಾರ್ಚ್‌ನಲ್ಲಿ ಅದರ ಹೆಸರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಲಿಬಿಯಾದ ನಾಗರಿಕರ ರಕ್ಷಣೆಗೆ ಬಲ ಬಳಸಲು ಅನುಮತಿ ಕೊಟ್ಟಿತು. ಭಾರತ ಮತದಾನದಿಂದ ದೂರ ಉಳಿಯಿತು. ನೇಟೊ ಕಾರ್ಯಾಚರಣೆ ಅಲ್ಲಿನ ಆಡಳಿತಗಾರ ಗಡಾಫಿಯ ಪತನದವರೆಗೆ ಸಾಗಿತು, ನಂತರ ಆ ದೇಶ ಒಡೆದು ಹೋಳಾಯಿತು. ಜನರ ಹೆಸರಿನಲ್ಲಿ ನಿರ್ಧಾರವಾಯಿತು, ನಿರ್ಧರಿಸಿದವರು ಆ ಜನರಾಗಿರಲಿಲ್ಲ.

ಶರಾವತಿ ಕಣಿವೆಯಲ್ಲಿ ಇದೇ ಪ್ರಶ್ನೆ ಇಂದು ಕಣ್ಣೆದುರಿಗಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ರಾಜ್ಯದ ಕೈಗಾರಿಕೆಗಳಿಗೆ ವಿದ್ಯುತ್ ಕೊಟ್ಟಿತು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ಕರ್ನಾಟಕದ ಬೆನ್ನೆಲುಬಾಗಿತ್ತು. ಮುಳುಗಡೆಯಾದ ಊರುಗಳವರನ್ನು ತಂದು ಬಿಟ್ಟ ಎಷ್ಟೋ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅದನ್ನು ಬಿಡಿಸಿಕೊಡುವುದು ರಾಜ್ಯಕ್ಕೆ ಸಾಧ್ಯವಾಗದೆ ಮೂರನೇ ತಲೆಮಾರು ಹಕ್ಕುಪತ್ರಕ್ಕಾಗಿ ಅಲೆಯುತ್ತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯೂ ಅವರ ಕೈಹಿಡಿಯಲಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದವರು ಆ ಕಾಯ್ದೆಯಡಿ ಹಕ್ಕು ಪಡೆಯಲು 2005ಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಸರ್ಕಾರವೇ 1960ರ ದಶಕದಲ್ಲಿ ಎಬ್ಬಿಸಿ ತಂದು ಬಿಟ್ಟವರು ಆ ಜಾಗದಲ್ಲಿ 75 ವರ್ಷಗಳ ವಾಸವನ್ನು ತೋರಿಸುವುದಾದರೂ ಹೇಗೆ? ಹಿನ್ನೀರಿನಾಚೆ ಉಳಿದ ತುಮರಿ ಭಾಗದವರು ಆರು ದಶಕ ಲಾಂಚ್ ನಂಬಿ ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸುಮಾರು 2.4 ಕಿಲೋಮೀಟರ್ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಷ್ಟು ವರ್ಷ, ನಡುರಾತ್ರಿ ಹೆರಿಗೆ ನೋವು ಬಂದ ಮನೆಯಲ್ಲಿ ಭದ್ರತೆಯೆಂದರೆ ಏನು ಎಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಇದೆ. ಸೌರ ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆ ಜಲಾಶಯಕ್ಕೆ ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು ಅದರ ಕ್ರಮ. ಎತ್ತಲು ಖರ್ಚಾಗುವ ವಿದ್ಯುತ್ ಮರಳಿ ಸಿಗುವುದಕ್ಕಿಂತ ಹೆಚ್ಚು, ಆದರೆ ಬೇಕಾದ ಗಳಿಗೆಗೆ ಸಿಗುತ್ತದೆ ಎಂಬುದೇ ಅದರ ಉಪಯೋಗ. ಕಲ್ಲಿದ್ದಲು ಬಿಡಬೇಕೆಂದರೆ ವಿದ್ಯುತ್ತನ್ನು ಕೂಡಿಡುವ ಏರ್ಪಾಟು ಬೇಕೇ ಬೇಕು, ಈ ವಾದವನ್ನು ಗೌರವದಿಂದ ಕೇಳಬೇಕು. ಯೋಜನೆಯ ಜಾಗ ಸಿಂಗಳೀಕಗಳ ಅಭಯಾರಣ್ಯ. ಸುರಂಗ ಕೊರೆದು, ಮರ ಕಡಿದರೆ ಮೊದಲೇ ಸಡಿಲವಾಗಿರುವ ಘಟ್ಟದ ಇಳಿಜಾರು ಏನಾದೀತು ಎಂಬ ಭಯಕ್ಕೂ ಅಷ್ಟೇ ಗೌರವ ಸಲ್ಲಬೇಕು. ಕಣಿವೆಯ ಜನ ಮತ್ತು ಪರಿಸರ ಬಲ್ಲವರು ವಿರೋಧಿಸುತ್ತಿದ್ದಾರೆ. ‘ಇಂಧನ ಭದ್ರತೆ’ ಎಂಬ ಮಾತನ್ನು ಈ ಚರ್ಚೆ ಮುಗಿಸಲು ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅರುವತ್ತು ವರ್ಷಗಳ ಹಿಂದೆ ನಾಡಿನ ಅಗತ್ಯದ ಹೆಸರಿನಲ್ಲಿ ಪ್ರಶ್ನೆ ಮುಗಿಸಿದ್ದರ ಫಲ ಇನ್ನೂ ಅಲ್ಲಿನ ಪಹಣಿಗಳಲ್ಲಿದೆ.

ಈ ನಿಲುವಿಗೆ ಬೆಂಬಲ ಭಾರತದ ವಿದೇಶಾಂಗ ನೀತಿಯಲ್ಲೇ ಇದೆ. 2021ರ ಡಿಸೆಂಬರ್ 13ರಂದು, ಹವಾಮಾನ ಬದಲಾವಣೆಯನ್ನು ಜಾಗತಿಕ ಭದ್ರತೆಯ ಅಪಾಯವೆಂದು ಪರಿಗಣಿಸಿ ಭದ್ರತಾ ಮಂಡಳಿಯ ಕೆಲಸದೊಳಗೆ ತರುವ ನಿರ್ಣಯವನ್ನು ಐರ್ಲೆಂಡ್ ಮತ್ತು ನೈಜರ್ ಮಂಡಿಸಿದವು. 12 ದೇಶಗಳು ಪರ, ರಷ್ಯಾ ಮತ್ತು ಭಾರತ ವಿರುದ್ಧ. ಚೀನಾ ಮತ ಹಾಕಲಿಲ್ಲ. ರಷ್ಯಾದ ವೀಟೊದಿಂದ (ನಿರಾಕರಣಾಧಿಕಾರದಿಂದ) ನಿರ್ಣಯ ಬಿದ್ದುಹೋಯಿತು. ಬರಗಾಲದಿಂದ ನಲುಗಿದ, ಆಫ್ರಿಕಾದ ಸಾಹೆಲ್ ಪ್ರದೇಶದ ನೈಜರ್ ದೇಶವೇ ನಿರ್ಣಯ ತಂದಿದ್ದರಿಂದ ಭಾರತದ ಮತ ಹಲವರಿಗೆ ನೋವು ತಂದಿತು. ಆ ನೋವಿಗೆ ಕಾರಣವಿತ್ತು. ಆದರೆ ಭಾರತ ಕೊಟ್ಟ ಸಮರ್ಥನೆ ಟೊಳ್ಳಾಗಿರಲಿಲ್ಲ. ಹವಾಮಾನದ ವಿಷಯವನ್ನು 190ಕ್ಕೂ ಹೆಚ್ಚು ದೇಶಗಳು ಕೂತು ಮಾತಾಡುವ ಹವಾಮಾನ ಒಪ್ಪಂದದ ವೇದಿಕೆ ಇರುವಾಗ, ಅದನ್ನು 15 ಸದಸ್ಯರ, ಐವರಿಗೆ ವೀಟೊ ಇರುವ ಮಂಡಳಿಗೆ ಒಯ್ದರೆ ಹೆಚ್ಚು ಹೊಗೆ ಉಗುಳಿದವರ ಹೆಚ್ಚಿನ ಹೊಣೆ ಮರೆಯಾಗುತ್ತದೆ, ಪರಿಣಾಮ ಅನುಭವಿಸುವ ಬಹುಪಾಲು ದೇಶಗಳು ನಿರ್ಧಾರದಿಂದ ಹೊರಗುಳಿಯುತ್ತವೆ ಎಂದು ಭಾರತ ವಾದಿಸಿತು.

ನ್ಯೂಯಾರ್ಕಿನಲ್ಲಿ ಸರಿಯಾದ ಈ ವಾದ ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿಯೂ ಸರಿಯಾಗಿರಬೇಕು. ಪರಿಣಾಮ ಅನುಭವಿಸುವವರೆಲ್ಲ ಕೂತು ಮಾತಾಡುವ ವೇದಿಕೆ ಇಲ್ಲಿ ಗ್ರಾಮಸಭೆ. ಅರಣ್ಯ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಸ್ಥಾನ ಕೊಟ್ಟಿದೆ, ಮತ್ತು ಆ ಸ್ಥಾನ ಬರೀ ಕಾಗದದ ಮೇಲಿನದಲ್ಲ ಎಂಬುದು ಒಡಿಶಾದ ನಿಯಮಗಿರಿಯಲ್ಲಿ ಸಾಬೀತಾಗಿದೆ. ಅಲ್ಲಿ ಬಾಕ್ಸೈಟ್ ಗಣಿಯ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಬೇಕೆಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಸೇರಿದ ಹನ್ನೆರಡು ಗ್ರಾಮಸಭೆಗಳೂ ಬೇಡವೆಂದವು. ಶರಾವತಿಯ ಹಳ್ಳಿಗಳು ಬೇಡ ಎನ್ನುತ್ತವೆಯೋ, ಷರತ್ತು ಹಾಕಿ ಒಪ್ಪುತ್ತವೆಯೋ ಎಂಬುದನ್ನು ಮೊದಲೇ ಊಹಿಸಬೇಕಾಗಿಲ್ಲ. ಯೋಜನೆಯ ಪೂರ್ಣ ವರದಿ ಕನ್ನಡದಲ್ಲಿ ಅವರ ಕೈಗೆ ಸಿಗಬೇಕು, ಭೂವಿಜ್ಞಾನಿಗಳು ಅವರೆದುರು ಬಂದು ಉತ್ತರಿಸಬೇಕು, ಮುಳುಗಡೆ ಸಂತ್ರಸ್ತರ ಹಳೆಯ ಹಕ್ಕುಪತ್ರದ ಬಾಕಿ ತೀರಬೇಕು. ಸುರಂಗದ ಮೊದಲ ಸಿಡಿಮದ್ದು ಇಡುವುದಕ್ಕೆ ಮುಂಚೆಯೇ ಇವೆಲ್ಲ ಆಗಬೇಕು.